ಚಾಕ್ಲೇಟ್ ರೆಸಿಪಿ ಹಾಕುವಾಗ ಯಾವ ಚಾಕ್ಲೇಟ್ ಅಂತಲೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ನೀವು ಹಾಕಿದ್ದ ಹತ್ತು ನಿಮಿಷದ ಚಾಕ್ಲೇಟ್ ಮೂಸ್ ರೆಸಿಪಿ ಬಗ್ಗೆ ಬರೀತಾ ಇದ್ದೇನೆ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟು, ವಾರವಿಡೀ ದುಡ್ಡು ಜೋಡಿಸಿ, ಶನಿವಾರ ಶಾಲೆ ಬಿಟ್ಟ ಮೇಲೆ ಪೇಟೆಯ ಅಂಗಡಿಗೆ ಹೋಗಿ "ಅಡುಗೆಗೆ ಹಾಕುವ ಚಾಕ್ಲೇಟ್ ಕೊಡಿ" ಅಂತ ಕೇಳಿ ತಂದ್ಲು. ರೆಸಿಪಿಯಲ್ಲಿ ಇದ್ದದ್ದು ಇಷ್ಟೇ, 200 ಗ್ರಾಂ ಚಾಕ್ಲೇಟ್ ಕರಗಿಸಿ, ಕ್ರೀಮ್ ಕಡೆದು ಸೇರಿಸಿ, ಫ್ರಿಜ್ಜಲ್ಲಿಡಿ, ಸವಿಯಿರಿ. ಕರಗಿಸುವುದು ಹೇಗೆ ಅಂತ ಒಂದು ಮಾತಿಲ್ಲ. ಅವಳು ಕುದಿಯುವ ನೀರಿನ ಮೇಲೆ ಸ್ಟೀಲ್ ಪಾತ್ರೆ ಇಟ್ಟು, ಬೇಗ ಕರಗಲಿ ಅಂತ ಮೇಲೊಂದು ಮುಚ್ಚಳ ಮುಚ್ಚಿದ್ದಾಳೆ, ಮುಚ್ಚಳದ ಹಬೆ ನೀರಾಗಿ ನಾಲ್ಕು ಹನಿ ಒಳಗೆ ಬಿದ್ದಿದೆ, ಅಷ್ಟೇ, ನುಣ್ಣಗೆ ಕರಗ್ತಾ ಇದ್ದದ್ದು ನೋಡನೋಡ್ತಾ ಗದ್ದೆ ಕೆಸರಿನ ಹಾಗೆ ಗಟ್ಟಿ ಗಂಟಾಗಿ ಸೌಟಿಗೆ ಮೆತ್ತಿಕೊಂಡಿತು. ತಾನು ಸೀಯಿಸಿದೆ ಅಂತ ಹೆದರಿ ಕಣ್ಣಲ್ಲಿ ನೀರು ಹಾಕಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಅದನ್ನು ನಾಯಿಯ ತಟ್ಟೆಗೆ ಹಾಕಲಿಕ್ಕೆ ಹೊರಟಿದ್ಲು. ನಾನು ಆ ಹೊತ್ತಿಗೆ ತೋಟದಿಂದ ಬಂದದ್ದು ಒಳ್ಳೇದಾಯ್ತು, ಯಾಕಂದ್ರೆ ಚಾಕ್ಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ, ಕಪ್ಪು ಚಾಕ್ಲೇಟ್ ಆದಷ್ಟೂ ಜಾಸ್ತಿ ವಿಷ, ದಯವಿಟ್ಟು ಇದನ್ನು ಓದುವವರು ಯಾರೂ ಮನೆಯ ನಾಯಿಗೆ ಪ್ರೀತಿಯಿಂದಲೂ ಒಂದು ತುಂಡು ಹಾಕಬೇಡಿ.

ಆ ಗಂಟಾದ ಚಾಕ್ಲೇಟ್ ಹಾಳಾಗಿರಲಿಲ್ಲ ಸರ್. ಅದಕ್ಕೆ ಬಿಸಿ ಹಾಲು ಒಂದೊಂದೇ ಚಮಚ ಹಾಕಿ ಸೌಟಲ್ಲಿ ತಿರುಗಿಸ್ತಾ ಹೋದೆ, ಮೊದಲಿಗೆ ಇನ್ನೂ ಕೆಟ್ಟದಾಗಿ ಕಾಣ್ತದೆ, ಐದಾರು ಚಮಚ ಆದ ಮೇಲೆ ಒಮ್ಮೆಲೇ ಬಿಟ್ಟುಕೊಂಡು ಹೊಳೆಯುವ ಸಾಸ್ ಆಯ್ತು, ಅವತ್ತು ಕದಳಿ ಬಾಳೆಹಣ್ಣು ಹೆಚ್ಚಿ ಅದರ ಮೇಲೆ ಹೊಯ್ದು ತಿಂದೆವು. ನೀರು ಬಿದ್ದರೆ ಯಾಕೆ ಹೀಗಾಗ್ತದೆ ಅಂದ್ರೆ ಚಾಕ್ಲೇಟ್ ಅಂದ್ರೆ ಕೊಕ್ಕೋದ ಮತ್ತು ಸಕ್ಕರೆಯ ಅತಿ ನುಣ್ಣಗಿನ ಪುಡಿ ಕೊಬ್ಬಿನಲ್ಲಿ ತೇಲ್ತಾ ಇರುವುದು, ಅದರಲ್ಲಿ ನೀರಿನ ಪಸೆ ಇಲ್ಲವೇ ಇಲ್ಲ ಅನ್ನಬಹುದು. ಸಕ್ಕರೆ ಡಬ್ಬಕ್ಕೆ ಒದ್ದೆ ಚಮಚ ಹಾಕಿದ್ರೆ ಸಕ್ಕರೆ ಗಂಟು ಕಟ್ಟುವುದಿಲ್ವಾ, ಇಲ್ಲಿ ಆಗುವುದೂ ಅದೇ. ನಾಲ್ಕು ಹನಿ ನೀರು ಬಿದ್ದರೆ ಗಂಟು, ಧಾರಾಳ ಬಿದ್ದರೆ ಸಾಸ್. ಈ ಎರಡು ಸಾಲು ನಿಮ್ಮ ರೆಸಿಪಿಯಲ್ಲಿ ಇದ್ದಿದ್ರೆ ಒಂದು ಮಗು ಆ ದಿನ ಅಳ್ತಿರಲಿಲ್ಲ, ನಾನು ಪತ್ರ ಬರೆಯಲಿಕ್ಕೆ ಕೂತದ್ದು ಅದಕ್ಕೇ.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ದೊಡ್ಡದು. ಅವಳು ತಂದ ಆ ಗಟ್ಟಿಯ ಕವರ್ ತಿರುಗಿಸಿ ನೋಡಿದ್ರೆ ಅದು ಚಾಕ್ಲೇಟೇ ಅಲ್ಲ, ಕಂಪೌಂಡ್. ಅದರಲ್ಲಿ ಕೊಕ್ಕೋ ಪುಡಿ ಇರ್ತದೆ, ಆದ್ರೆ ಕೊಕ್ಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯದ ಕೊಬ್ಬು, ಹೆಚ್ಚಾಗಿ ತಾಳೆಯ ಜಾತಿಯದ್ದು ಹಾಕಿರ್ತಾರೆ. ನಿಮ್ಮ ಪುರವಣಿಯಲ್ಲಿ ಬರೀ ಚಾಕ್ಲೇಟ್ ಅಂತ ಇತ್ತು, ಅಂಗಡಿಯವರು ಇದ್ದದ್ದನ್ನು ಕೊಟ್ರು, ಮಗುವಿಗೆ ಎಲ್ಲಿಂದ ಗೊತ್ತಾಗ್ಬೇಕು. ಮೂಸ್ ಮಾಡುವುದಕ್ಕೆ ಕಂಪೌಂಡ್ ಹಾಕಿದ್ರೆ ಫ್ರಿಜ್ಜಲ್ಲಿ ಗಟ್ಟಿಯಾಗ್ತದೆ, ಆದ್ರೆ ಬಾಯಲ್ಲಿ ಕರಗುವುದಿಲ್ಲ, ಮೇಣ ತಿಂದ ಹಾಗೆ ಅಂಗುಳಕ್ಕೆ ಮೆತ್ತುತ್ತದೆ, ತಿಂದವರು ಇಷ್ಟೇನಾ ಅಂತಾರೆ, ಮಾಡಿದವರಿಗೆ ತಮ್ಮ ಕೈಯೇ ಸರಿ ಇಲ್ಲ ಅನ್ನಿಸ್ತದೆ. ಕೊಕ್ಕೋ ಬೆಣ್ಣೆಯ ಗುಣ ಅಂದ್ರೆ ಅದು ಸುಮಾರು 34 ಡಿಗ್ರಿಗೆ ಕರಗ್ತದೆ, ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕಮ್ಮಿ, ಹಾಗಾಗಿ ನಾಲಿಗೆ ಮೇಲಿಟ್ಟ ಕೂಡಲೇ ಕರಗಿ ಹರಡ್ತದೆ, ಚಾಕ್ಲೇಟಿನ ಸುಖ ಇರುವುದೇ ಅಲ್ಲಿ.

ನಾನು ಇದನ್ನು ಇಷ್ಟು ಮನಸ್ಸಿಗೆ ತಗೊಳ್ಳಲಿಕ್ಕೆ ಕಾರಣ ಉಂಟು. ನಮ್ಮದು ಪುತ್ತೂರು ತಾಲೂಕು, ಅಡಿಕೆ ತೋಟದ ನಡುವೆ ಕೊಕ್ಕೋ ಗಿಡ ಇರುವ ಮನೆ. ನಮ್ಮ ಕಡೆ ಯಾರೂ ಕೋಕೋ ಅನ್ನುವುದಿಲ್ಲ, ಕೊಕ್ಕೋ ಅಂತಲೇ ಹೇಳುವುದು. ಕ್ಯಾಂಪ್ಕೋ ಅನ್ನುವ ಸಹಕಾರಿ ಸಂಸ್ಥೆ ಶುರುವಾದದ್ದು 1973ರಲ್ಲಿ, ಅಡಿಕೆ ಬೆಳೆಗಾರರಿಗಾಗಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ. ಎಪ್ಪತ್ತರ ದಶಕದ ಕೊನೆಗೆ ಕೊಕ್ಕೋ ರೇಟು ಬಿದ್ದು ಕೊಳ್ಳುವವರೇ ಇಲ್ಲದ ಹಾಗಾಗಿ, ಜನ ಗಿಡ ಕಡಿದು ಹಾಕ್ತಾ ಇದ್ದ ಹೊತ್ತಿನಲ್ಲಿ ಅದು ಕೊಕ್ಕೋ ಖರೀದಿಗೂ ಇಳಿಯಿತು ಅಂತ ಅಪ್ಪ ಈಗಲೂ ಹೇಳ್ತಾರೆ, ಆಮೇಲೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕ್ಲೇಟ್ ಫ್ಯಾಕ್ಟರಿಯೇ ಬಂತು, ಉದ್ಘಾಟನೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಬಂದಿದ್ರು. ಅಂದ್ರೆ ನಾಲ್ಕು ದಶಕದಿಂದ ನಮ್ಮ ತೋಟದ ಬೀಜ ನಮ್ಮೂರಲ್ಲೇ ಚಾಕ್ಲೇಟ್ ಆಗ್ತಾ ಉಂಟು, ಅಂಥ ಊರಿನ ಹುಡುಗಿಗೆ ತಾಳೆ ಕೊಬ್ಬಿನ ಗಟ್ಟಿಯನ್ನು ಚಾಕ್ಲೇಟ್ ಅಂತ ಕೊಡುವುದು ಅಂದ್ರೆ ನನಗೆ ಸಂಕಟ ಆಗ್ತದೆ.

ಕೊಕ್ಕೋ ಕಾಯಿ ಒಡೆದು ನೋಡದವರಿಗಾಗಿ ಹೇಳ್ತೇನೆ. ಗಿಡದ ಕಾಂಡಕ್ಕೇ ಅಂಟಿಕೊಂಡು ಹಳದಿ ಕಾಯಿ, ಒಳಗೆ ಬಿಳೀ ಲೋಳೆ ಸುತ್ತಿಕೊಂಡ ಬೀಜಗಳು, ಆ ಲೋಳೆ ಹುಳಿ ಸಿಹಿಯಾಗಿ ಬಹಳ ರುಚಿ, ಅಳಿಲು ಮತ್ತು ಇಲಿ ಕಾಯಿಗೆ ತೂತು ಮಾಡಿ ತಿನ್ನುವುದು ಅದಕ್ಕೇ. ನಮ್ಮ ಕಡೆ ಹೆಚ್ಚಿನವರು ಹಸಿ ಬೀಜವನ್ನೇ ಚೀಲಕ್ಕೆ ತುಂಬಿ ಮಾರಿಬಿಡ್ತಾರೆ. ಮನೆ ಖರ್ಚಿಗೆ ಅಂತ ಅಪ್ಪ ಸ್ವಲ್ಪ ಇಟ್ಟುಕೊಂಡು, ಬುಟ್ಟಿಗೆ ಬಾಳೆಲೆ ಹಾಸಿ ಬೀಜ ತುಂಬಿ ಮೇಲೆ ಗೋಣಿ ಮುಚ್ಚಿ ಆರು ದಿನ ಹುಳಿ ಬರಲಿಕ್ಕೆ ಬಿಡ್ತಾರೆ, ಎರಡು ದಿನಕ್ಕೊಮ್ಮೆ ಅಡಿಮೇಲು ಮಾಡ್ತಾರೆ, ಮೂರನೇ ದಿನ ಕೈ ಹಾಕಿದ್ರೆ ಒಳಗೆ ಬಿಸಿ ಬಿಸಿ, ವಿನೆಗರಿನ ಹಾಗೆ ಘಾಟು. ಆಮೇಲೆ ಅಂಗಳದಲ್ಲಿ ಒಂದು ವಾರದ ಬಿಸಿಲು. ಈ ಹುಳಿ ಬರಿಸುವ ಕೆಲಸ ತಪ್ಪಿದ್ರೆ ಬೀಜಕ್ಕೆ ಚಾಕ್ಲೇಟಿನ ಪರಿಮಳವೇ ಬರುವುದಿಲ್ಲ, ಬರೀ ಕಹಿ ಒಗರು. ದೋಸೆ ಹಿಟ್ಟನ್ನು ರಾತ್ರಿ ಇಡದೆ ರುಬ್ಬಿದ ಕೂಡಲೇ ಹೊಯ್ದ ಹಾಗೆ.

ಒಣಗಿದ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 20-25 ನಿಮಿಷ ಕೈ ಬಿಡದೆ ಹುರಿದ್ರೆ ಸಿಪ್ಪೆ ಚಟ್ ಚಟ್ ಅಂತ ಬಿರೀತದೆ, ಮನೆಯೆಲ್ಲ ಪರಿಮಳ. ಆರಿದ ಮೇಲೆ ಕೈಯಲ್ಲಿ ಉಜ್ಜಿ ಗೆರಸೆಯಲ್ಲಿ ಕೇರಿ, ಮಿಕ್ಸಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದ್ರೆ ಮೊದಲು ಪುಡಿ, ಆಮೇಲೆ ಅದರದ್ದೇ ಕೊಬ್ಬು ಬಿಟ್ಟು ಎಳ್ಳುಂಡೆಗೆ ಎಳ್ಳು ಅರೆದ ಹಾಗೆ ಪೇಸ್ಟ್ ಆಗ್ತದೆ, ನೀರು ಹಾಕಬಾರ್ದು, ಮಿಕ್ಸಿ ಜಾರು ಒದ್ದೆ ಇರಬಾರ್ದು. ಮಿಕ್ಸಿಯಲ್ಲಿ ಎಷ್ಟು ಅರೆದ್ರೂ ನಾಲಿಗೆಗೆ ತರಿ ತರಿ ಸಿಗ್ತದೆ, ನುಣ್ಣಗೆ ಬೇಕಾದ್ರೆ ಕಲ್ಲಿನ ಗ್ರೈಂಡರಲ್ಲಿ ಗಂಟೆಗಟ್ಟಲೆ, ಒಂದಿಡೀ ದಿನದವರೆಗೂ ತಿರುಗಬೇಕು. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಿಕ್ಕೆ ಮನಸ್ಸಿಲ್ಲ. ಅಮೆರಿಕ ಯುರೋಪಿನಲ್ಲಿ ಬೀಜದಿಂದ ಚಾಕ್ಲೇಟ್ ಮಾಡುವ ಎಷ್ಟೋ ಸಣ್ಣ ಸಣ್ಣ ತಯಾರಕರು ಬಳಸುವ ಯಂತ್ರ ನಮ್ಮ ಇಡ್ಲಿ ದೋಸೆ ಹಿಟ್ಟಿನ ವೆಟ್ ಗ್ರೈಂಡರನ್ನೇ ಸ್ವಲ್ಪ ಬದಲಾಯಿಸಿ ಮಾಡಿದ್ದು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತ ಗ್ರೈಂಡರಿಗೆ ಅಷ್ಟು ದೂರದ ಊರಲ್ಲಿ ಅಂಥ ಮರ್ಯಾದೆ ಇರುವಾಗ ನಮ್ಮ ಪುರವಣಿಗಳು ಮಾತ್ರ ಓವನ್ ಇಲ್ಲದೆ, ವಿದೇಶಿ ಸಾಮಾನು ಇಲ್ಲದೆ ಚಾಕ್ಲೇಟ್ ಸಿಹಿ ಆಗುವುದೇ ಇಲ್ಲ ಅನ್ನುವ ಹಾಗೆ ಬರೀತವೆ.

ಎಲ್ಲರ ಮನೆಯಲ್ಲೂ ಕೊಕ್ಕೋ ಗಿಡ ಇರುವುದಿಲ್ಲ, ಗೊತ್ತುಂಟು. ಸಾಮಾನ್ಯ ಕೋಕೋ ಪುಡಿ ಈಗ ತಾಲೂಕು ಪೇಟೆಯಲ್ಲೂ ಸಿಗ್ತದೆ, ಅದರಲ್ಲೇ ಎಷ್ಟು ಮಾಡಬಹುದು ನೋಡಿ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಆಗುವುದು ಪುಡ್ಡಿಂಗ್. ಅರ್ಧ ಲೀಟರ್ ಹಾಲಿಗೆ 3 ದೊಡ್ಡ ಚಮಚ ಕಾರ್ನ್ ಫ್ಲೋರ್, 3 ದೊಡ್ಡ ಚಮಚ ಕೋಕೋ ಪುಡಿ, 6 ದೊಡ್ಡ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಕೋಕೋ ಪುಡಿಯನ್ನು ಸೀದಾ ಬಿಸಿ ಹಾಲಿಗೆ ಹಾಕಬೇಡಿ, ಅದರಲ್ಲಿ ಕೊಬ್ಬಿನ ಅಂಶ ಇರುವುದರಿಂದ ಹಾಲಿನ ಮೇಲೆ ತೇಲಿ ಗಂಟು ಗಂಟಾಗ್ತದೆ, ಮೊದಲು ಸಕ್ಕರೆ ಮತ್ತು ಕಾರ್ನ್ ಫ್ಲೋರ್ ಜೊತೆ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ತಣ್ಣನೆ ಹಾಲು ಸ್ವಲ್ಪ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಉಳಿದ ಹಾಲು ಬಿಸಿಯಾದಾಗ ಅದಕ್ಕೆ ಹೊಯ್ದು ಕೈ ಬಿಡದೆ ತಿರುಗಿಸಿ. ದಪ್ಪ ಆಯ್ತು ಅಂತ ಕೂಡಲೇ ಒಲೆ ಆರಿಸಬೇಡಿ, ಗುಳುಗುಳು ಅಂತ ಒಂದೆರಡು ನಿಮಿಷ ಕುದಿಯಲೇಬೇಕು, ಇಲ್ಲದಿದ್ರೆ ಹಿಟ್ಟಿನ ವಾಸನೆ ಉಳಿಯುವುದಲ್ಲದೆ ಮರುದಿನ ಫ್ರಿಜ್ಜಲ್ಲಿ ನೀರು ಬಿಟ್ಟಿರ್ತದೆ. ಇಳಿಸಿದ ಮೇಲೆ ಒಂದು ಚಮಚ ಬೆಣ್ಣೆ. ಅಷ್ಟೇ ಸರ್, ಕ್ರೀಮ್ ಇಲ್ಲ, ಮೊಟ್ಟೆ ಇಲ್ಲ, ಬೀಟರ್ ಇಲ್ಲ, ಅಜ್ಜಿಯಿಂದ ಹಿಡಿದು ಸಣ್ಣ ಮಕ್ಕಳವರೆಗೆ ಎಲ್ಲರೂ ತಿಂತಾರೆ. ಕೋಕೋ ಪುಡಿ ಅಂದ್ರೆ ಕೋಕೋ ಪುಡಿಯೇ ಆಗಬೇಕು, ಹಾಲಿಗೆ ಹಾಕಿ ಕುಡಿಯುವ ಡ್ರಿಂಕಿಂಗ್ ಚಾಕ್ಲೇಟ್ ಪುಡಿ ಅಲ್ಲ, ಅದರಲ್ಲಿ ಮುಕ್ಕಾಲು ಪಾಲು ಸಕ್ಕರೆಯೇ, ಅದನ್ನು ಹಾಕಿದ್ರೆ ಸಿಹಿ ಏರ್ತದೆ, ಚಾಕ್ಲೇಟ್ ರುಚಿ ಮಾತ್ರ ಬರುವುದಿಲ್ಲ. ಇದನ್ನೂ ನಿಮ್ಮ ಪುರವಣಿ ಎರಡು ಸಲ ಕಲಸಿಹಾಕಿದೆ, ಚಾಕ್ಲೇಟ್ ಪೌಡರ್ ಅಂತ ಬರೆದು ಬಿಟ್ಟಿದೆ, ಯಾವುದು ಅಂತ ಓದಿದವರು ಊಹೆ ಮಾಡಬೇಕು.

ಕೇಕಿನ ವಿಷಯ. 2020ರ ಲಾಕ್‌ಡೌನಲ್ಲಿ ಊರಿಗೆ ಊರೇ ಬಿಸ್ಕೆಟ್ ಪುಡಿ ಮಾಡಿ ಹಾಲು ಈನೋ ಹಾಕಿ ಕೇಕ್ ಮಾಡಿತ್ತು, ಆಗ ಅದು ಒಂದು ಸಂಭ್ರಮ, ಮನೆಯಲ್ಲಿ ಕಟ್ಟಿಹಾಕಿದ ಹಾಗಿದ್ದ ಮಕ್ಕಳಿಗೆ ಅದೊಂದು ಹಬ್ಬ, ನಾನು ಅದನ್ನು ಕೆಟ್ಟದು ಅನ್ನುವುದಿಲ್ಲ. ಆದ್ರೆ ಬಿಸ್ಕೆಟಿನ ದುಡ್ಡಿಗಿಂತ ಕಮ್ಮಿಯಲ್ಲಿ ನಿಜವಾದ ಕೇಕೇ ಆಗ್ತದೆ. ಒಂದೂವರೆ ಕಪ್ ಮೈದಾ, 1 ಕಪ್ ಸಕ್ಕರೆ, 3 ದೊಡ್ಡ ಚಮಚ ಕೋಕೋ ಪುಡಿ, 1 ಸಣ್ಣ ಚಮಚ ಅಡುಗೆ ಸೋಡ, ಅರ್ಧ ಸಣ್ಣ ಚಮಚ ಉಪ್ಪು, ಇಷ್ಟನ್ನು ಜರಡಿ ಹಿಡಿದು, ಇನ್ನೊಂದು ಪಾತ್ರೆಯಲ್ಲಿ 1 ಕಪ್ ನೀರು, 5 ದೊಡ್ಡ ಚಮಚ ವಾಸನೆ ಇಲ್ಲದ ಎಣ್ಣೆ, 1 ದೊಡ್ಡ ಚಮಚ ಲಿಂಬೆಹುಳಿ ರಸ, ಎರಡನ್ನೂ ಸೇರಿಸಿ ಹಿಟ್ಟು ಕಾಣದ ಹಾಗಾದ ಕೂಡಲೇ ನಿಲ್ಲಿಸಿ, ಜಾಸ್ತಿ ಕಲಸಿದ್ರೆ ಕೇಕ್ ರಬ್ಬರಿನ ಹಾಗೆ ಆಗ್ತದೆ. ಸೋಡ ಮತ್ತು ಹುಳಿ ಸೇರಿದ ಕೂಡಲೇ ಗುಳ್ಳೆ ಏಳಲಿಕ್ಕೆ ಶುರು, ಹಾಗಾಗಿ ಒಲೆ ಮೊದಲೇ ತಯಾರಿರಬೇಕು, ಕಲಸಿಟ್ಟು ಫೋನ್ ಮಾತಾಡಲಿಕ್ಕೆ ಹೋಗಬೇಡಿ. ಬೇಯಿಸಲಿಕ್ಕೆ ಓವನ್ ಬೇಡ, ಇಡ್ಲಿ ಬೇಯಿಸುವ ಅಟ್ಟಿನಳಗೆ ಸಾಕು, ಎಣ್ಣೆ ಸವರಿದ ಪಾತ್ರೆಗೆ ಅರ್ಧದವರೆಗೆ ಹೊಯ್ದು, ಹಬೆ ನೀರು ಬೀಳದ ಹಾಗೆ ಮೇಲೊಂದು ತಟ್ಟೆ ಮುಚ್ಚಿ, 40 ನಿಮಿಷ ಹಬೆಯಲ್ಲಿ. ಹಬೆಯ ಕೇಕಿಗೆ ಮೇಲೆ ಕಂದು ಚರ್ಮ ಬರುವುದಿಲ್ಲ, ಆದ್ರೆ ಒಳಗೆ ಎಷ್ಟು ಮೆತ್ತಗೆ ಅಂದ್ರೆ ಮೂರನೇ ದಿನವೂ ಒಣಗಿರುವುದಿಲ್ಲ. ಕಂದು ಬೇಕು ಅನ್ನುವವರು ಹಳೇ ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ ಸಣ್ಣ ಉರಿಯಲ್ಲಿ ಮಾಡಬಹುದು.

ಲಿಂಬೆಹುಳಿ ಯಾಕೆ ಅಂತ ನಮ್ಮ ನಾದಿನಿ ಕೇಳಿದ್ಲು. ಕೋಕೋ ಪುಡಿಯಲ್ಲಿ ಎರಡು ಜಾತಿ ಉಂಟು, ಒಂದು ಸಹಜದ್ದು, ತಿಳಿ ಕಂದು, ಸ್ವಲ್ಪ ಹುಳಿ ಗುಣ, ಸೋಡದ ಜೊತೆ ತಾನೇ ಉಬ್ಬಿಸ್ತದೆ. ಇನ್ನೊಂದು ಕ್ಷಾರ ಸೇರಿಸಿ ಹುಳಿ ತೆಗೆದದ್ದು, ಬಣ್ಣ ಗಾಢ, ಕವರಿನಲ್ಲಿ ಆಲ್ಕಲೈಸ್ಡ್ ಅಥವಾ ಡಚ್ ಅಂತ ಇರ್ತದೆ. ಈ ವಿಧಾನ ನೆದರ್ಲೆಂಡಿನ ವಾನ್ ಹೌಟನ್ ಮನೆತನದಿಂದ ಬಂದದ್ದು, ಡಚ್ ಅನ್ನುವ ಹೆಸರು ಅದಕ್ಕೇ, ಬೀಜದಿಂದ ಬೆಣ್ಣೆ ಹಿಂಡಿ ತೆಗೆದು ಪುಡಿ ಮಾಡುವುದಕ್ಕೆ 1828ರಲ್ಲಿ ಪೇಟೆಂಟ್ ಪಡೆದದ್ದೂ ಅವರೇ. ಈ ಎರಡನೇ ಜಾತಿ ಪುಡಿಯಲ್ಲಿ ಬರೀ ಸೋಡ ಹಾಕಿದ್ರೆ ಕೇಕ್ ಉಬ್ಬುವುದಿಲ್ಲ, ಸಾಬೂನಿನ ರುಚಿ ಬರ್ತದೆ, ಹಾಗಾಗಿ ಯಾವ ಪುಡಿ ಸಿಕ್ಕಿದ್ರೂ ನಡೀಲಿ ಅಂತ ಲಿಂಬೆಹುಳಿ. ಎಷ್ಟು ಮನೆಯಲ್ಲಿ ಈ ಒಂದು ಕಾರಣಕ್ಕೆ ಕೇಕ್ ಹಪ್ಪಳ ಆಗಿ, ಕೇಕಿನ ಪಾತ್ರೆಯನ್ನೇ ಅಟ್ಟಕ್ಕೆ ಹಾಕಿರ್ತಾರೋ.

ಹಬ್ಬಕ್ಕೆ ಕಾಯಿ ಬರ್ಫಿ ಮಾಡುವವರು 2 ಕಪ್ ಕಾಯಿತುರಿಗೆ ಒಂದೂವರೆ ಕಪ್ ಸಕ್ಕರೆ ಅಂತ ಮಾಮೂಲಿ ಮಾಡ್ತೀರಲ್ಲ, ತಳ ಬಿಡುವಾಗ ಅರ್ಧ ಭಾಗ ತುಪ್ಪದ ತಟ್ಟೆಗೆ ಸುರಿದು ಹರಡಿ, ಉಳಿದ ಅರ್ಧಕ್ಕೆ ಒಂದೂವರೆ ಚಮಚ ಕೋಕೋ ಪುಡಿ ಹಾಕಿ ಬೇಗ ಬೇಗ ತಿರುಗಿಸಿ ಮೇಲೆ ಹರಡಿದ್ರೆ ಎರಡು ಬಣ್ಣದ ಬರ್ಫಿ. ಮಿಕ್ಸಿಯಲ್ಲಿ ಅರೆದ ತರಿ ತರಿ ಕೊಕ್ಕೋ ಇದ್ದವರು ಅದನ್ನೇ ಹಾಕಿ, ಕಾಯಿತುರಿಯ ನಡುವೆ ತರಿ ಗೊತ್ತೇ ಆಗುವುದಿಲ್ಲ.

ಇನ್ನು ನಿಜವಾದ ಚಾಕ್ಲೇಟೇ ಸಿಕ್ಕಿತು ಅಂತಾದ್ರೆ ನನ್ನ ಮೆಚ್ಚಿನದು ಕಾಯಿಹಾಲಿನ ಟ್ರಫಲ್. ಕ್ರೀಮ್ ಹುಡುಕಿಕೊಂಡು ಪುತ್ತೂರಿಂದ ಮಂಗಳೂರಿಗೆ ಹೋಗಬೇಕಾಗಿಲ್ಲ, ನೀರು ಹಾಕದೆಯೋ ಒಂದೆರಡು ಚಮಚ ಮಾತ್ರ ಹಾಕಿಯೋ ಹಿಂಡಿದ ಮೊದಲ ಹಾಲು 100 ಎಂಎಲ್, ಡಾರ್ಕ್ ಚಾಕ್ಲೇಟ್ 200 ಗ್ರಾಂ. ಚಾಕ್ಲೇಟನ್ನು ಕೊತ್ತಂಬರಿ ಸೊಪ್ಪು ಹೆಚ್ಚಿದ ಹಾಗೆ ಸಣ್ಣಗೆ ಹೆಚ್ಚಿಡಿ, ಕಾಯಿಹಾಲನ್ನು ಸಣ್ಣ ಉರಿಯಲ್ಲಿ ಇನ್ನೇನು ಕುದಿ ಬರ್ತದೆ ಅನ್ನುವವರೆಗೆ ಬಿಸಿ ಮಾಡಿ, ಕುದಿಸಿದ್ರೆ ಒಡೀತದೆ, ಅದನ್ನು ಚಾಕ್ಲೇಟಿನ ಮೇಲೆ ಹೊಯ್ದು ಮೂರು ನಿಮಿಷ ಮುಟ್ಟದೆ ಬಿಡಿ. ಈ ಮೂರು ನಿಮಿಷ ತಾಳ್ಮೆ ಬೇಕು, ಮಕ್ಕಳಿಗೆ ಇದೇ ಕಷ್ಟ. ಆಮೇಲೆ ನಡುವಿನಿಂದ ಶುರು ಮಾಡಿ ಸುತ್ತ ಸುತ್ತ ತಿರುಗಿಸಿದ್ರೆ ನಡುವಿನಲ್ಲಿ ಹೊಳಪು ಹುಟ್ಟಿ ಅಂಚಿನವರೆಗೆ ಹರಡ್ತದೆ, ಅದನ್ನು ನೋಡುವುದೇ ಒಂದು ಖುಷಿ. ಎಣ್ಣೆ ಬಿಟ್ಟ ಹಾಗೆ ಕಂಡ್ರೆ ಒಂದು ಚಮಚ ಬಿಸಿ ಹಾಲು ಹಾಕಿ ಮತ್ತೆ ತಿರುಗಿಸಿ, ಸರಿಯಾಗ್ತದೆ. ಎರಡು ಗಂಟೆ ಫ್ರಿಜ್ಜಲ್ಲಿಟ್ಟು ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಕಟ್ಟಿ, ಕೋಕೋ ಪುಡಿಯಲ್ಲೋ ಹುರಿದ ಗೇರುಬೀಜದ ತರಿಯಲ್ಲೋ ಹೊರಳಿಸಿ. ಕಾಯಿಹಾಲು ಬೇಗ ಹಳಸುವುದರಿಂದ ಫ್ರಿಜ್ಜಲ್ಲಿಟ್ಟು ಮೂರು ದಿನದೊಳಗೆ ಮುಗಿಸಬೇಕು, ನಮ್ಮಲ್ಲಿ ಮೊದಲ ರಾತ್ರಿಯೇ ಮುಗೀತದೆ.

ಕಂಪೌಂಡ್ ಹಾಕುವವರು ತಪ್ಪು ಅಂತ ನಾನು ಹೇಳ್ತಾ ಇಲ್ಲ, ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಅಡುಗೆಮನೆಯೊಳಗೇ 33-34 ಡಿಗ್ರಿ ಇರ್ತದೆ, ಕೊಕ್ಕೋ ಬೆಣ್ಣೆ ಕರಗುವುದೇ ಅಷ್ಟಕ್ಕೆ, ಮೇಲೆ ಚಾಕ್ಲೇಟ್ ಕೋಟಿಂಗ್ ಮಾಡಿ ಮೇಜಿನ ಮೇಲಿಟ್ರೆ ಗಟ್ಟಿ ಕೂರುವುದೇ ಇಲ್ಲ. ಅದೂ ಅಲ್ಲದೆ ನಿಜವಾದ ಚಾಕ್ಲೇಟ್ ಹೊಳಪಿನಿಂದ ಟಪ್ ಅಂತ ಮುರಿಯುವ ಹಾಗೆ ಗಟ್ಟಿಯಾಗಬೇಕಾದ್ರೆ ಟೆಂಪರಿಂಗ್ ಅಂತ ಒಂದು ಹದ ಮಾಡಬೇಕು, ಡಾರ್ಕ್ ಚಾಕ್ಲೇಟನ್ನು 45 ಡಿಗ್ರಿ ದಾಟುವಷ್ಟು ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಬೇಕು, ಇದು ತಪ್ಪಿದ್ರೆ ಎರಡು ದಿನದಲ್ಲಿ ಮೇಲೆ ಬೂದಿ ಬಣ್ಣದ ಪೊರೆ ಬರ್ತದೆ. ಅದು ಬೂಷ್ಟು ಅಂತ ಹೆದರಿ ಬಿಸಾಡುವವರಿದ್ದಾರೆ, ಅದು ಬೂಷ್ಟಲ್ಲ, ಕೊಬ್ಬು ಮೇಲೆ ಬಂದದ್ದು, ತಿನ್ನಬಹುದು, ಕರಗಿಸಿ ಪುಡ್ಡಿಂಗಿಗೆ ಹಾಕಬಹುದು. ಕಂಪೌಂಡಿಗೆ ಈ ರಗಳೆ ಇಲ್ಲ, ಕರಗಿಸಿ ಹೊಯ್ದ್ರೆ ಆಯ್ತು, ಹಾಗಾಗಿ ಮನೆಯಲ್ಲಿ ಕೂತು ಅಚ್ಚಿನ ಚಾಕ್ಲೇಟ್ ಮಾಡಿ ನಾಲ್ಕು ಕಾಸು ಸಂಪಾದಿಸುವ ಎಷ್ಟೋ ಅಕ್ಕಂದಿರು ಅದನ್ನೇ ಬಳಸ್ತಾರೆ, ಅವರ ಕಷ್ಟ ನನಗೆ ಗೊತ್ತು. ರೇಟಿನ ಕಷ್ಟವೂ ಉಂಟು. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬರುವುದು ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶದಿಂದ, ಅಲ್ಲಿ ಮಳೆ ಹೆಚ್ಚುಕಮ್ಮಿಯಾಗಿ, ಗಿಡಕ್ಕೆ ರೋಗ ಬಂದು ಬೆಳೆ ಕೈಕೊಟ್ಟು 2024ರ ಮಾರ್ಚಲ್ಲಿ ನ್ಯೂಯಾರ್ಕ್ ಮಾರ್ಕೆಟಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು. ನಮ್ಮಲ್ಲೂ ಆ ಬೇಸಿಗೆಯಲ್ಲಿ ಹಸಿ ಬೀಜಕ್ಕೆ ಕೇಜಿಗೆ 300 ರೂಪಾಯಿ ಹತ್ತಿರ ಸಿಕ್ಕಿ, ಅಪ್ಪ ಗಿಡದ ಬುಡಕ್ಕೆ ಗೊಬ್ಬರ ಹಾಕಿಸಿದ್ರು, ಆಮೇಲೆ ಇಳಿಯಿತು ಅದು ಬೇರೆ ಮಾತು. ರೇಟು ಹಾಗೆ ಏರಿದಾಗ ಮಾಡಿ ಮಾರುವವರು ಕಂಪೌಂಡಿಗೆ ಹೋದ್ರೆ ಬೈಯಲಿಕ್ಕಾಗುವುದಿಲ್ಲ. ಹೋಗಲಿ, ಆದ್ರೆ ಹೆಸರು ಸರಿಯಾಗಿ ಹೇಳಲಿ ಅಷ್ಟೇ ನಾನು ಕೇಳುವುದು. ಡಾಲ್ಡಾದಲ್ಲಿ ಮೈಸೂರು ಪಾಕ್ ಮಾಡಿ ತುಪ್ಪದ್ದು ಅಂತ ಹೇಳಿದ್ರೆ ನಾವು ಸುಮ್ಮನಿರ್ತೇವಾ.

ಪತ್ರಿಕೆಯವರು ಬರೆದದ್ದನ್ನು ಜನ ನಂಬ್ತಾರೆ ಸರ್. ಯೂಟ್ಯೂಬಲ್ಲಿ ನೋಡಿದ್ರೆ ಕೆಳಗೆ ನೂರು ಜನ ಹೀಗಾಯ್ತು ಹಾಗಾಯ್ತು ಅಂತ ಕೇಳಿರ್ತಾರೆ, ಉತ್ತರವೂ ಸಿಗ್ತದೆ, ಪೇಪರಿನ ರೆಸಿಪಿಗೆ ಆ ಅನುಕೂಲ ಇಲ್ಲ, ಅಲ್ಲಿ ಬಿಟ್ಟುಹೋದ ಮಾತು ಬಿಟ್ಟೇಹೋಯ್ತು. ನಮ್ಮ ಹಳ್ಳಿಗಳಲ್ಲಿ ಈಗಲೂ ಪುರವಣಿಯ ಅಡುಗೆ ಪುಟ ಕತ್ತರಿಸಿ ನೋಟ್ ಬುಕ್ಕಿಗೆ ಅಂಟಿಸಿಡುವ ಹೆಂಗಸರು ಇದ್ದಾರೆ, ನಮ್ಮ ಅತ್ತೆಯವರ ಹತ್ರ ಅಂಥ ಎರಡು ಪುಸ್ತಕ ಉಂಟು, ಅದರಲ್ಲಿ ಕಾಯಿ ಹೋಳಿಗೆ ರೆಸಿಪಿ ನೋಡಿದ್ರೆ ಕಣಕ ಎಷ್ಟು ಹೊತ್ತು ನೆನೆಯಬೇಕು, ಹೂರಣ ಕೈಗೆ ಅಂಟಿದ್ರೆ ಏನು ಮಾಡಬೇಕು ಅಂತೆಲ್ಲ ಬರೆದಿದೆ, ಓದಿದ ಯಾರೇ ಆದ್ರೂ ಮಾಡಬಹುದು. ಅಷ್ಟೇ ಕಾಳಜಿ ಚಾಕ್ಲೇಟಿಗೆ ಯಾಕಿಲ್ಲ? ಅದು ಹೊರಗಿನ ತಿಂಡಿ, ಫೋಟೋ ಚೆಂದ ಬಂದ್ರೆ ಸಾಕು ಅಂತ ಅನ್ನಿಸಿರಬಹುದು. ನಮಗೆ ಅದು ಹೊರಗಿನದ್ದಲ್ಲ, ನಮ್ಮ ಅಂಗಳದಲ್ಲಿ ಅಡಿಕೆಯ ಪಕ್ಕದಲ್ಲೇ ಒಣಗುವ ಬೆಳೆ.

ಇನ್ನು ಮುಂದೆ ಚಾಕ್ಲೇಟ್ ಸಿಹಿ ಹಾಕುವಾಗ ಕಂಪೌಂಡಾ, ಚಾಕ್ಲೇಟಾ, ಚಾಕ್ಲೇಟಾದ್ರೆ ಎಷ್ಟು ಪರ್ಸೆಂಟ್ ಕೊಕ್ಕೋ ಇರುವುದು ಅಂತ ಸಾಮಾನಿನ ಪಟ್ಟಿಯಲ್ಲೇ ಬರೀರಿ. ಕವರಿನ ಹಿಂದೆ ಕೊಕ್ಕೋ ಬೆಣ್ಣೆ ಅಂತ ಇದೆಯಾ, ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಅಂತ ಇದೆಯಾ ನೋಡಿ ತಗೊಳ್ಳಿ ಅಂತ ಒಂದು ಸಾಲು ಸೇರಿಸಿ. ಓವನ್ ಬರೆದ ಕಡೆ ಹಬೆಯಲ್ಲಿ ಎಷ್ಟು ನಿಮಿಷ ಅಂತಲೂ ಮಾಡಿ ನೋಡಿ ಬರೀರಿ, ಮಾಡಿ ನೋಡದೆ ಬರೆಯಬೇಡಿ. ಮತ್ತೆ ಕೊಕ್ಕೋ ಕೊಯ್ಲು ಜೋರಿರುವ ಬೇಸಿಗೆಯಲ್ಲಿ ಒಂದು ವಾರದ ಪುರವಣಿ ನಮ್ಮ ಕಡೆಯ ಕೊಕ್ಕೋ ಬೆಳೆಗಾರರ ಮನೆಯ ಸಿಹಿಗಳಿಗೇ ಇಡಿ, ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾಸರಗೋಡು ಕಡೆ ಬೀಜ ಹುರಿದು ಬೆಲ್ಲ ಹಾಕಿ ಚಾಕ್ಲೇಟ್ ಮಾಡಿ ನೋಡಿದವರು ಈಗ ತುಂಬ ಜನ ಇದ್ದಾರೆ. ಬೆಲ್ಲದಲ್ಲಿ ತೇವ ಇರುವುದರಿಂದ ಅರೆಯುವಾಗ ಗಟ್ಟಿ ಕಟ್ಟಿಕೊಳ್ಳುವುದನ್ನು ಅವರವರು ಹೇಗೆ ನಿಭಾಯಿಸಿದ್ರು ಅನ್ನುವುದನ್ನೇ ಬರೆಸಿದ್ರೂ ಒಂದು ಪುಟ ಆಗ್ತದೆ, ನನಗೂ ಅದು ತಿಳ್ಕೊಳ್ಳಬೇಕು, ನಾನು ಬೆಲ್ಲ ಪುಡಿ ಮಾಡಿ ಎರಡು ದಿನ ಬಿಸಿಲಲ್ಲಿ ಒಣಗಿಸಿ ಹಾಕಿದ್ರೂ ಪೂರ್ತಿ ಸರಿ ಬಂದಿಲ್ಲ.

ಅದಕ್ಕೂ ಮೊದಲು ಬರುವ ಭಾನುವಾರದ ಪುರವಣಿಯಲ್ಲಿ ಆ ಮೂಸ್ ರೆಸಿಪಿಗೆ ಒಂದು ಸಣ್ಣ ತಿದ್ದುಪಡಿ ಹಾಕಿ. ಚಾಕ್ಲೇಟ್ ಕರಗಿಸುವಾಗ ಕೆಳಗಿನ ನೀರು ಮೇಲಿನ ಪಾತ್ರೆಯ ತಳಕ್ಕೆ ತಾಗಬಾರದು, ನೀರು ಕುದಿ ಬಂದ ಮೇಲೆ ಒಲೆ ಆರಿಸಿಯೇ ಪಾತ್ರೆ ಇಡಬೇಕು, ಮೇಲೆ ಮುಚ್ಚಳ ಹಾಕಬಾರದು, ಗಂಟಾದ್ರೆ ಬಿಸಿ ಹಾಲು. ನಾಲ್ಕೇ ಸಾಲು. ಮಗಳು ಫ್ರಿಜ್ಜಿನ ಮೇಲಿನ ನಿಮ್ಮ ರೆಸಿಪಿಯನ್ನು ಇನ್ನೂ ತೆಗೆದಿಲ್ಲ, ಅದರ ಕೆಳಗೆ ಅಂಟಿಸಲಿಕ್ಕೆ ಜಾಗ ಬಿಟ್ಟಿದ್ದಾಳೆ.

ಇಂತಿ,
ಪುತ್ತೂರು ತಾಲೂಕಿನ ಒಬ್ಬ ಓದುಗಳು